ಎಡಿ ಹಿಡಿಯದ ಪಾನಕ

ವಾಡಿ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ತಾಯಿ, ಮಗಳು ಕುಳಿತಿದ್ದರು. ಮಗಳು ಪುಣೆಯ ದೊಡ್ಡ ಹೋಟೆಲೊಂದರಲ್ಲಿ ಅಡುಗೆಯವಳು. ರಜೆ ಮುಗಿಸಿ ಹೊರಟಿದ್ದಳು.

“ರಜಾಕ್ಕ ಬರೋ ಮುಂದ ಹೋಟೆಲಿನಾಗ ಪಾನಕಕ್ಕ ಬೆಲ್ಲ ಕಮ್ಮಿ ಬಿದ್ದಿತ್ತವ್ವ. ರುಚಿ ನೋಡ್ದೇ ಕಳಿಸಿದ್ದೆ.”

“ದೇವ್ರಿಗಿ ಎಡಿ ಹಿಡಿಯೋಕಿಂತ ಮೊದ್ಲ ಯಾರರ ರುಚಿ ನೋಡ್ತಾರೇನು?”

“ಅಲ್ಲಿ ನೋಡ್ಲೇಬೇಕು. ನಾಳಿ ಮತ್ತ ಕೆಟ್ರ ಪಾತ್ರಿ ತಿಕ್ಕಾಕ ಹಾಕ್ತಾರಂತ.”

“ಒಂದು ಗ್ಲಾಸ್ ದೇವ್ರ ಮುಂದಿಟ್ಟು ಆಮ್ಯಾಲ ನೋಡು.”

“ಅಲ್ಲಿ ದೇವ್ರ ಜಗಲಿ ಎಲ್ಲದ?”

“ಖಿಡಕ್ಯಾಗ ನಿಂತು ಸೂರ್ಯಾಗ ತೋರ್ಸು.”

“ಖಿಡಕೀನೂ ಇಲ್ಲವ್ವ.”



“ಎಷ್ಟೊತ್ತಿಗಿ ಮಾಡ್ತಿ?”

“ಹತ್ತಕ್ಕ.”

“ಹತ್ತಕ್ಕ ನಾ ಮನ್ಯಾಗ ಪಾನಕ ಮಾಡಿ ಎಡಿ ಹಿಡೀತೀನಿ. ಫೋನ್ ಹಚ್ಚಿ ಹೇಳ್ತೀನಿ, ಆಮ್ಯಾಲ ನೀ ಅಲ್ಲಿ ಕುಡ್ದು ನೋಡು.”

ಗಾಡಿ ಬಂತು. ಮಗಳು ಹತ್ತಿದಳು. ಗಾಡಿಯ ಜೊತೆ ನಡೆಯುತ್ತಲೇ ತಾಯಿ ಕೂಗಿದರು:

“ಫೋನ್ ಬರೋತನಕ ಬಾಯಿಗಿ ಹಚ್ಚಬ್ಯಾಡ!”