ದಿಲ್ಲಿಗೆ ಹೋದ ಅರ್ಜಿ

ಸಾವಕಾಶ ಹಚ್ಚ, ರುದ್ರವ್ವ, ಉರೀತೈತಿ... ಗಂಡನ ಅಂಗಾಲಿಗೆ ಔಡಲೆಣ್ಣಿ ಹಚ್ಚಂದ್ರ ನೆಲ ಸಾರಿಸಿದಂಗ ತಿಕ್ಕತಿಯಲ್ಲ. ಬೊಬ್ಬಿ ಹೆಂಗೆದ್ದುವು ಅಂದ್ರ... ರೈಲು. ಎರಡು ದಿವಸ ಕಾಲು ಇಳಿಬಿಟ್ಟು ಕೂತ್ರ ಮತ್ತೇನಾಕ್ಕೈತಿ? ಯಾಕ ನಗ್ತಿ? ನೀ ಒಮ್ಮೆ ಕೂತು ನೋಡು.

ಎಲ್ಲಿಗೆ ಬಂದಿದ್ದೆ? ಹಾಂ, ಪಾರ್ಲಿಮೆಂಟ್. ನನ್ನ ಜೋಡಿ ಬಂದಿದ್ದ ಭಜನಿ ಮಂದಿ ಹರಿದ್ವಾರದ ರೈಲು ಕಾಯ್ಕೋತ ದಿಲ್ಲಿ ಟೇಶನ್ನಿನಾಗ ಮಲಗಿದ್ರು. ನಾ ಒಬ್ಬವ ಅರ್ಜಿ ತಗೊಂಡು ಹೊಂಟೆ. ನಲವತ್ತು ಜೋಪಡಿ ಮಂದಿ ಹೆಬ್ಬೆಟ್ಟು ಒತ್ತಿ ನನ್ನ ಕಳಿಸ್ಯಾರ, ಸಾಯಬಣ್ಣಗ ಹಿಂದಿ ಬರ್ತೈತಿ ಅಂತ. ಪವಾಯಿ ಕೆರಿ ಕಣ್ಣ ಮುಂದ ಇಟಗೊಂಡು, ಕುಡಿಯೂ ನೀರಿಗೆ ಮೈಲಿ ದೂರದ ಬಾವಿಗೆ ಹೋಗೂ ನಿಮ್ಮ ಗೋಳು ಇಲ್ಲಿ ಯಾರು ಕೇಳ್ಯಾರ? ಜಾಗಾ ದಿಲ್ಲಿ ಸರಕಾರದ್ದು, ನೀರಿನ ನಳ ದಿಲ್ಲಿಗೇ ಕೇಳ್ರಿ ಅಂದ ಆ ಮುನ್ಸಿಪಾಲ್ಟಿ ಗುಮಾಸ್ತ. ಆತು, ಕೇಳೇ ಬಿಡೂಣಂತ ಹೋದೆ.

ಗುಂಡಗ ಐತಿ, ಗಾಣ ಇದ್ದಂಗ. ಸುತ್ತೂಕಡೆ ಕಂಬ ಅಂದ್ರ ಕಂಬ, ಎಣಿಸಿ ಎಣಿಸಿ ತಪ್ಪಿದೆ. ನೋಡಾಕ ಬಂದ ಮಂದಿ ಫೋಟೋ ತಗಿಯಾಕ ಹತ್ತಿದ್ರು. ಅಷ್ಟು ಕಂಬದ ಗುಡಿಗೆ ಚಪ್ಪಲಿ ಮೆಟಗೊಂಡು ಹೋಗ್ತಾರೇನು? ಬಾಗಲದಾಗ ಬಿಟ್ಟು, ಕೈ ಮುಗದು ಹೋದೆ. ಪೊಲೀಸಾಂವ ನಕ್ಕ. ನಗ್ಲಿ. ದೇಶ ಆಳೂ ಜಾಗಾದಾಗ ನಮ್ಮ ಧೂಳು ಯಾಕ?

ಒಳಗ ಹಾಸುಗಲ್ಲು ಏನು ತಂಪು ಅಂತಿ! ಬರಿಗಾಲಾಗ ಬೆಣ್ಣಿ ಮ್ಯಾಲ ನಡದಂಗ. ನಮ್ಮ ಎಂ.ಪಿ. ಸಾಹೇಬ್ರು ಎದ್ದು ನಿಂತು ಅರ್ಜಿ ಇಸಗೊಂಡ್ರು. ಚಾ ಕುಡಿಸಿದ್ರು. ದೀಪಾವಳಿಯೊಳಗ ನಳ ಬಂತಂತ ತಿಳಕೋ ಅಂದ್ರು.

ಯಾಕ, ಕೈ ಯಾಕ ನಿಲ್ಲಿಸಿದಿ? ಹಚ್ಚ.

ಅಂಗಾಲು ಹಂಗೇನು ನೋಡ್ತಿ? ರೈಲು ಅಂದ್ನೆಲ್ಲ... ರೈಲಿನಾಗ ಕಾಲು ಬಾತಾವು, ಬೊಬ್ಬಿ ಏಳೂದಿಲ್ಲ ಅಂತಿಯೇನು? ಚಪ್ಪಲಿ? ಚಪ್ಪಲಿ... ಅಲ್ಲೇ ಹೋದ್ವು.

ಹಿಂಗ ನೋಡಬ್ಯಾಡ. ಒಳಗ ಹೋಗಾಕ ಪಾಸ್ ಬೇಕಂದ ಆ ಪೊಲೀಸಾಂವ. ಪಾಸ್ ಯಾರು ಕೊಡ್ತಾರ ಅಂದೆ. ಎಂ.ಪಿ. ಅಂದ. ಎಂ.ಪಿ. ಎಲ್ಲಿ ಅದಾರ ಅಂದೆ. ಒಳಗ ಅಂದ. ಅರ್ಜಿ ಟಪಾಲಿಗೆ ಹಾಕಂತ. ಟಪಾಲ ಡಬ್ಬಿ ಪವಾಯಿದಾಗ ಇಲ್ಲೇನು? ಅದಕ್ಕ ದಿಲ್ಲಿತನಕ ಬರಬೇಕಿತ್ತೇನು? ಗುಡಿ ಬಾಗಲ ಹಾಕಿದ್ರ ನಾವೇನು ಮಾಡ್ತೀವಿ, ನೀನೇ ಹೇಳು. ಹೊರಗಿಂದ ಸುತ್ತು ಹಾಕಿ ಕೈ ಮುಗದು ಬರ್ತೀವಿ. ಹಾಕಿದೆ. ಕಾದ ಡಾಂಬರ ಮ್ಯಾಲ, ಮೂರು ಸುತ್ತು. ಕಂಬದ ಫೋಟೋ ಬಿಟ್ಟು ಮಂದಿ ನನ್ನ ಫೋಟೋ ತಗದ್ರು. ತಿರುಗಿ ಬಂದ್ರ ಚಪ್ಪಲಿ ಇಲ್ಲ.

ಗೂಟಕ್ಕಿರೂ ರುಮಾಲಕ್ಕ ಯಾಕ ಕೈ ಹಾಕಿದಿ? ಬಿಚ್ಚಬ್ಯಾಡ... ಹೂಂ. ಅದೇ. ಬೆವರಿಗೆ ಅರ್ಜಿ ಮ್ಯಾಲಿನ ಅರ್ಧ ಹೆಬ್ಬೆಟ್ಟು ಕದಡ್ಯಾವು. ಮೊದಲನೇದು ನಿಂದು, ನನಗ ಗೊತ್ತಿಲ್ಲೇನು? ಅದು ಹಂಗೇ ಐತಿ, ನೋಡು. ನಾಚಿಕಿ ಆತು ನನಗ, ರುದ್ರವ್ವ. ಮತ್ತೇನು ಹೇಳ್ಲಿ.

ಕೊಡ ತಗೊಂಡು ಎಲ್ಲಿ ಹೊಂಟಿ? ಹೊರಗ ಮಗ್ಗಲ ಜೋಪಡಿ ಶೆಟ್ಟೆಪ್ಪ ಓಣಿ ಮಂದೀನ್ನೆಲ್ಲಾ ಕೂಡಿಸ್ಯಾನ, ನನ್ನ ಕೊರಳಿಗೆ ಅಂತ ಹಾರ ಹಿಡಕೊಂಡು ನಿಂತಾನ. ಅವರಿಗೆ ಏನಂತ ಹೇಳ್ತಿ?

ನಿಲ್ಲು. ಆ ಇನ್ನೊಂದು ಕೊಡ ನನ್ನ ಕೈಯಾಗ ಕೊಡು. ಬಾವಿಗೆ ನಾನೂ ಬರ್ತೀನಿ.