ಕಾರ್ ಟ್ಯಾಕ್ಸ್ ಉಳಿಸಿದವರು

ವರ್ಜೀನಿಯಾದ ಯೂನಿವರ್ಸಿಟಿಯೊಂದರ ಆಫೀಸಿನಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಹಿಂದಿನ ಸಾಲಿನಲ್ಲಿ ಗಂಡ, ಹೆಂಡತಿ, ಮಗಳು ಕೂತಿದ್ದರು. ಇಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ, ದನಿ ತಗ್ಗಿರಲಿಲ್ಲ.

"ಹನ್ನೊಂದು ವರ್ಷದಿಂದ ಇದೇ ಸ್ಟೇಟ್‌ನಲ್ಲಿ, ಆಶ್‌ಬರ್ನ್‌ನಲ್ಲಿದೀವಿ. ಈಗ ಮಾನ್ಯಾ ಹೊರಗಿನ ಸ್ಟೇಟ್‌ನೋಳಂತೆ, ಫೀಸು ಮೂರು ಪಟ್ಟಂತೆ. ಅಪ್ಪ ಯಾವ ಸ್ಟೇಟೋ ಮಗಳೂ ಅದೇ ಅಂತೆ."

"ಪ್ರಾಜೆಕ್ಟ್ ಪಕ್ಕದ ಸ್ಟೇಟ್‌ನ ಡರ್ಹಮ್‌ನಲ್ಲಿದ್ರೆ ನಾನೇನ್ ಮಾಡ್ಲಿ ಹರಿಣಿ? ವೀಕೆಂಡ್ ಮನೆಗೆ ಬರ್ತೀನಲ್ಲ."

"ಪ್ರಾಜೆಕ್ಟಿಗೆ ಹೋಗ್ಬೇಡಿ ಅಂದೋರ್ಯಾರು? ಲೈಸೆನ್ಸು, ಕಾರ್ ರಿಜಿಸ್ಟ್ರೇಷನ್ನು ಎಲ್ಲಾ ಅಲ್ಲಿಗೆ ಬದಲಾಯಿಸಿ ಅಂತ ಯಾರು ಹೇಳಿದ್ರು?"

"ಇಲ್ಲಿ ಕಾರ್ ಟ್ಯಾಕ್ಸ್ ಎಷ್ಟು ಜಾಸ್ತಿ, ಗೊತ್ತಲ್ಲ."

"ಗೊತ್ತು. ಯುಗಾದಿ ಪಾಟ್‌ಲಕ್ ಊಟದಲ್ಲಿ ಸಿಕ್ಕಿದೋರಿಗೆಲ್ಲಾ ಐಡಿಯಾ ಹೇಳ್ಕೊಟ್ರಲ್ಲ."

"ನೀನಂತೂ ಇಲ್ಲೇ ಇದ್ಯಲ್ಲ. ನಿನ್ನ ಪ್ರೂಫ್ ತೋರ್ಸೋಣ."

"ನಂದೇನಿದೆ? ಮನೆ ನಿಮ್ಮ ಹೆಸರು, ಕರೆಂಟ್ ಬಿಲ್ ನಿಮ್ಮ ಹೆಸರು. ಕೆಲಸ ಮಾಡಕ್ಕೆ ವೀಸಾ ಬಿಡಲ್ಲ, ಸಂಬಳದ ಚೀಟೀನೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಒಂದು, ಲೈಬ್ರರಿ ಕಾರ್ಡ್ ಒಂದು. ಸಾಕಾ?"

"ಮುಂಚೇನೇ ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ನಿಂಗೇನ್ ಗೊತ್ತಾಗುತ್ತೆ ಅಂದ್ರಿ."

"ಅಮ್ಮ, ಪ್ಲೀಸ್. ಎವ್ರಿಬಡಿ ನೋಡ್ತಿದಾರೆ," ಎಂದಳು ಮಗಳು.

ಕೌಂಟರ್‌ನಿಂದ ಅವಳ ಹೆಸರು ಕರೆದರು. ಮೂವರೂ ಎದ್ದರು.

"ನೀವು ಕೂತ್ಕೊಳ್ಳಿ," ಎಂದಳು ಹರಿಣಿ, ಗಂಡನಿಗೆ. "ನೀವು ಬೇರೆ ಸ್ಟೇಟ್‌ನೋರು. ಈ ಊರಿನೋರು ನಾವು ಹೋಗಿ ಕೇಳ್ಕೊಂಡು ಬರ್ತೀವಿ."

ಅವರು ಕೂತರು.