ಹನ್ನೆರಡು ಜನ, ಹನ್ನೊಂದು ಹೆಸರು

ಅಧ್ಯಕ್ಷರೇ, ಇತಿಹಾಸ ವಿಭಾಗದ ಮುಖ್ಯಸ್ಥರೇ, ವೇದಿಕೆಯ ಮೇಲಿರುವ ಹಿರಿಯರೇ, ಬೇಗ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಹತ್ತಿರವೇ ಜಾಗ ಹಿಡಿದಿರುವ ವಿದ್ಯಾರ್ಥಿ ಮಿತ್ರರೇ, ಮತ್ತು ಸಭಿಕರೇ,

ನನ್ನ ಹೆಂಡತಿಯ ಕೊನೆಯ ಪುಸ್ತಕವನ್ನು ಬಿಡುಗಡೆ ಮಾಡಲು ನನ್ನನ್ನು ಕರೆದಿದ್ದೀರಿ. ಪುಸ್ತಕ ಬಣ್ಣದ ಕಾಗದ ಸುತ್ತಿಕೊಂಡು ಈ ಮೇಜಿನ ಮೇಲೆ ಕೂತಿದೆ. ಬಿಚ್ಚುವ ಮೊದಲು ನಾಲ್ಕು ಮಾತು ಆಡಬೇಕೆಂದು ನಿಮ್ಮ ಅಪ್ಪಣೆ. ನಾಲ್ಕಕ್ಕೆ ನಿಲ್ಲುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಅವಳು ಇದೇ ಕಟ್ಟಡದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇತಿಹಾಸ ಕಲಿಸಿದಳು. ಈ ಊರಿನ ನೀರು, ಚರಂಡಿ, ಬೀದಿ ದೀಪಗಳ ಚರಿತ್ರೆ ಬರೆದಳು. ರಾಜರ ಬಗ್ಗೆ ಒಂದೂ ಪುಸ್ತಕ ಬರೆಯಲಿಲ್ಲ. ಯಾಕೆಂದು ಕೇಳಿದರೆ, "ಅವರನ್ನ ನೋಡ್ಕೊಳ್ಳೋಕೆ ಬೇಕಾದಷ್ಟು ಜನ ಇದ್ದಾರೆ ಬಿಡಿ" ಎನ್ನುತ್ತಿದ್ದಳು. ಅವಳ ಪದವಿಗಳನ್ನೂ ಪ್ರಶಸ್ತಿಗಳನ್ನೂ ನನಗಿಂತ ಮೊದಲು ಮಾತಾಡಿದವರು ಹೇಳಿದ್ದಾರೆ. ಅವರಿಗೆ ಗೊತ್ತಿಲ್ಲದ್ದು ಒಂದೇ: ಅವಳು ನನಗೆ ಸಿಕ್ಕಿದ್ದು ಹೇಗೆ.

ಆಗ ನಾನು ಪತ್ರಿಕೆಯೊಂದರಲ್ಲಿ ಹೊಸ ಉಪಸಂಪಾದಕ. ಪುಟ ಕಟ್ಟುವಾಗ ಎಲ್ಲಾದರೂ ಮೂರು ಅಂಗುಲ ಜಾಗ ಉಳಿದರೆ ಅದನ್ನು ತುಂಬಿಸುವುದು ನನ್ನ ಕೆಲಸ. ಕಚೇರಿಯಲ್ಲಿ ನನಗೆ ಭರ್ತಿರಾಯ ಎಂದೇ ಹೆಸರಾಗಿತ್ತು. ಸಂಪಾದಕರು ಮಹಡಿಯಿಂದಲೇ ಕೂಗುತ್ತಿದ್ದರು: "ಭರ್ತಿರಾಯಾ, ಎರಡನೇ ಪುಟದಲ್ಲಿ ಹೊಂಡ ಬಿದ್ದಿದೆ ಕಣಯ್ಯಾ!" ಚಹಾ ಆರುವಷ್ಟರಲ್ಲಿ ನಾನು ಹೊಂಡ ಮುಚ್ಚಿರುತ್ತಿದ್ದೆ. ಪತ್ರಿಕೆಯವನಿಗೆ ಖಾಲಿ ಜಾಗ ಎಂದರೇನು? ಸೋಮಾರಿತನ. ಖಾಲಿ ಜಾಗ ಎಂದರೇನು? ಅವಮಾನ. ಹಾಗೆಂದು ನನಗೆ ಕಲಿಸಿದ್ದರು, ನಾನೂ ಚೆನ್ನಾಗಿ ಕಲಿತಿದ್ದೆ.

ಒಂದು ಮಧ್ಯಾಹ್ನ ಅವಳು ಹಳೆಯ ಸಂಚಿಕೆಗಳನ್ನು ನೋಡಲು ಬಂದಳು. ಸಂಶೋಧನೆ ಮಾಡುತ್ತಿದ್ದ ಹುಡುಗಿ, ಹೆಗಲಿಗೆ ಬಟ್ಟೆಯ ಚೀಲ. ನೆಲಮಾಳಿಗೆಯ ಕೋಣೆಗೆ ಇಳಿದವಳು ಸಂಜೆ ಮೂಗಿನ ತುದಿಗೆ ಧೂಳು ಮೆತ್ತಿಕೊಂಡು, ದಪ್ಪ ಕಟ್ಟೊಂದನ್ನು ತಬ್ಬಿಕೊಂಡು ಮೇಲೆ ಬಂದಳು. ನೇರ ನನ್ನ ಮೇಜಿನ ಮೇಲೆ ಅದನ್ನು ತೆರೆದಿಟ್ಟಳು. ಊರಿಗೆ ಮೊದಲ ಬಾರಿ ನಲ್ಲಿ ನೀರು ಕೊಟ್ಟ ಪಂಪ್‌ಹೌಸಿನ ಉದ್ಘಾಟನೆಯ ಚಿತ್ರ. ಕೆಳಗೆ "ಎಡದಿಂದ ಬಲಕ್ಕೆ" ಎಂದು ಶುರುವಾಗುವ ಸಾಲು.

"ಇಲ್ಲಿ ಹನ್ನೆರಡು ಜನ ನಿಂತಿದ್ದಾರೆ. ಹೆಸರು ಹನ್ನೊಂದೇ ಇದೆ" ಎಂದಳು.

ಎಣಿಸಿದೆ. ಸರಿಯಾಗಿತ್ತು. ಬಲತುದಿಯಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ, ಕಾಲಿನ ತುಂಬ ಕೆಸರು. ಅವಳಿಗೆ ಹೆಸರಿರಲಿಲ್ಲ. ಭರ್ತಿರಾಯ ಸುಮ್ಮನಿರುತ್ತಾನೆಯೇ? "ಎಂಜಿನಿಯರ್ ಹೆಂಡತಿ ಇರಬೇಕು" ಎಂದೆ.

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ, ನನಗನ್ನಿಸ್ತು."

"ಎಂಜಿನಿಯರ್ ಹೆಂಡತೀನೇ ಯಾಕಾಗ್ಬೇಕು? ಎಂಜಿನಿಯರ್ರೇ ಆಗಿರಬಾರ್ದಾ?"

ಅವಳನ್ನು ಖುಷಿಪಡಿಸಲು ನಾನು, "ಹೌದು ಹೌದು, ಅವರೇ ಎಂಜಿನಿಯರ್ ಇರಬೇಕು" ಎಂದುಬಿಟ್ಟೆ. ಅವಳು ಕಟ್ಟು ಮುಚ್ಚಿದಳು. "ಅದನ್ನೂ ಯಾರೂ ಹೇಳಿಲ್ಲವಲ್ಲ" ಎಂದಳು.

ಸಭಿಕರೇ, ನಾನು ಮದುವೆಯಾದದ್ದು ಆ ವಾಕ್ಯವನ್ನು.

ನಮ್ಮ ಮನೆಯಲ್ಲಿ ಎರಡು ಮೇಜು, ಒಂದೇ ಕಿಟಕಿ. ನಾನು ತುಂಬಿಸುವವನು, ಅವಳು ಖಾಲಿ ಬಿಡುವವಳು. ಅವಳ ಹಸ್ತಪ್ರತಿ ನೋಡಿದವರಿಗೆ ಗೊತ್ತು, ತಿಳಿಯದ ಕಡೆ ಒಂದು ಗೆರೆ ಎಳೆದು ಮುಂದೆ ಹೋಗುತ್ತಿದ್ದಳು. ಭಾನುವಾರ ನಮ್ಮ ಪತ್ರಿಕೆಯನ್ನು ಪೆನ್ಸಿಲ್ ಹಿಡಿದು ಓದುತ್ತಿದ್ದಳು. "ಗಣ್ಯರು ಉಪಸ್ಥಿತರಿದ್ದರು" ಎಂದಿದ್ದರೆ ಪಕ್ಕದಲ್ಲಿ "ಯಾರು?" ಎಂದು ಬರೆಯುವಳು. "ಬಲ್ಲ ಮೂಲಗಳ ಪ್ರಕಾರ" ಎಂದಿದ್ದರೆ, "ರೀ, ಈ ಬಲ್ಲ ಮೂಲ ನೀವೇ ಅಲ್ವಾ?" ಎನ್ನುವಳು. ಬಹಳ ಸಲ ನಾನೇ ಆಗಿರುತ್ತಿದ್ದೆ.

ನನ್ನ ಅಮ್ಮ ಒಮ್ಮೆ ಹೆಮ್ಮೆಯಿಂದ, "ನಮ್ಮ ವಂಶದಲ್ಲಿ ಯಾರೂ ಸುಳ್ಳು ಹೇಳಿದವರಿಲ್ಲ" ಎಂದರು. ಇವಳು ಅಷ್ಟೇ ವಿನಯದಿಂದ, "ಯಾರು ಹೇಳಿದ್ದು, ಅತ್ತೆ?" ಎಂದಳು. ಅಮ್ಮ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಬಾಗಿಲಿಗೆ ಬಂದ ತರಕಾರಿಯವನು "ಇವತ್ತೇ ಕಿತ್ತಿದ್ದು ತಾಯಿ" ಎಂದಾಗ, ಒಳಗಿದ್ದ ನಮಗೆ ಅಮ್ಮನ ದನಿ ಕೇಳಿಸಿತು: "ಯಾರು ಹೇಳಿದ್ದು?" ಅತ್ತೆ ಸೊಸೆ ರಾಜಿಯಾದದ್ದು ಹಾಗೆ.

ಆ ಹನ್ನೆರಡನೆಯ ಹೆಂಗಸನ್ನು ಅವಳು ಬಿಡಲಿಲ್ಲ. ಪ್ರತಿ ರಜೆಯಲ್ಲೂ ಹುಡುಕಿದಳು. ಆ ಹನ್ನೊಂದು ಹೆಸರುಗಳಲ್ಲಿದ್ದ ಎಂಜಿನಿಯರರ ಮೊಮ್ಮಗಳ ಮನೆಗೆ ನಾವಿಬ್ಬರೂ ಹೋಗಿದ್ದೆವು. ಆಕೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ನಮ್ಮಜ್ಜಿ ಅಲ್ಲ ಅನ್ಸುತ್ತೆ. ಆದ್ರೆ ನಾನು ಅಜ್ಜೀನ ನೋಡಿದ್ದೇ ಅವರ ಹಲ್ಲೆಲ್ಲ ಬಿದ್ದ ಮೇಲೆ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು, "ಅಲ್ಲ ಅಂದ್ರಲ್ಲ, ಒಂದು ತೀರ್ಮಾನ ಆಯ್ತಲ್ಲ" ಎಂದೆ. "ಅನ್ಸುತ್ತೆ ಅಂದ್ರು ರೀ" ಎಂದು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಒಂದು ಇಡೀ ದಿನದ ಸಂಪಾದನೆ ಒಂದು "ಅನ್ಸುತ್ತೆ". ಅಂಥ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ಈಗ ತಿಳಿಯುತ್ತಿದೆ.

ಈಗ ಈ ಮೇಜಿನ ಮೇಲಿನ ಪುಸ್ತಕಕ್ಕೆ ಬರುತ್ತೇನೆ.

ಇದನ್ನು ಮುಗಿಸುವ ಮೊದಲೇ ಅವಳು ಹೋದಳು. ಮುಗಿಸಿದ್ದು ಅವಳ ಶಿಷ್ಯರು, ತುಂಬ ಪ್ರೀತಿಯಿಂದ, ತುಂಬ ಶ್ರಮದಿಂದ. ಅವರಿಗೆ ನಾನು ಋಣಿ. ಹೋದ ವಾರ ಒಂದು ಪ್ರತಿ ಮನೆಗೆ ಬಂತು. ಪಂಪ್‌ಹೌಸಿನ ಚಿತ್ರವಿದೆ. ಕೆಳಗೆ ಹನ್ನೊಂದು ಹೆಸರುಗಳಿವೆ. ಅವಳು ಗೆರೆ ಎಳೆದಿದ್ದ ಜಾಗದಲ್ಲಿ ಹೀಗಿದೆ: "ಎಂಜಿನಿಯರರ ಪತ್ನಿ." ಅಡಿಟಿಪ್ಪಣಿಯಲ್ಲಿ ಆಧಾರವೂ ಇದೆ: "ಲೇಖಕಿಯ ಪತಿಯೊಂದಿಗೆ ಸಂದರ್ಶನ."

ನಗಬೇಡಿ. ಅಥವಾ ನಗಿ, ನಾನೂ ನಕ್ಕೆ. ಹೋದ ವರ್ಷ ಇಬ್ಬರು ವಿದ್ಯಾರ್ಥಿಗಳು ಮನೆಗೆ ಬಂದಿದ್ದಾಗ, ಈಗ ನಿಮಗೆ ಹೇಳಿದ ಕಥೆಯನ್ನೇ ಅವರಿಗೂ ಹೇಳಿದ್ದೆ. ಮುದುಕನಿಗೆ ಕೇಳುವವರು ಸಿಕ್ಕರೆ ಬಿಡುತ್ತಾನೆಯೇ? ಅವರು ಬರೆದುಕೊಂಡರು. ಅವಳು ಕೇಳಿದ್ದನ್ನು ಬಿಟ್ಟು ನಾನು ಊಹಿಸಿದ್ದನ್ನು ಬರೆದುಕೊಂಡರು. ಇಡೀ ವೃತ್ತಿಜೀವನದಲ್ಲಿ ನಿಜವಾದ ಬಲ್ಲ ಮೂಲ ಆಗದವನು ಕೊನೆಗೆ ಆಗಿಯೇಬಿಟ್ಟೆ, ಅದೂ ಅವಳ ಪುಸ್ತಕದಲ್ಲಿ!

ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಅವಳ ಮೊದಲ ಶಿಷ್ಯೆ, ನಮಗೆ ಮಗಳ ಸಮಾನ. "ಅಂಕಲ್, ಪ್ರತಿಗಳೆಲ್ಲ ಅಚ್ಚಾಗಿ ಬಂದಿವೆ. ಒಂದು ಸಾಲು ತಾನೇ? ಮುಂದಿನ ಮುದ್ರಣದಲ್ಲಿ ಸರಿ ಮಾಡೋಣ" ಎಂದರು. ಮಗೂ, ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಮುಂದಿನ ಮುದ್ರಣ ಬರುವಷ್ಟರಲ್ಲಿ ಈ ಸಾಲನ್ನು ಇನ್ನೊಬ್ಬರು ಉದ್ಧರಿಸಿರುತ್ತಾರೆ. ಅವರನ್ನು ನೋಡಿ ಮತ್ತೊಬ್ಬರು. ಆಮೇಲೆ ಆ ಹೆಂಗಸು ಎಂದೆಂದಿಗೂ ಎಂಜಿನಿಯರರ ಹೆಂಡತಿಯೇ. ಆಕೆಯನ್ನು ಯಾರೂ ಹುಡುಕುವುದಿಲ್ಲ. ಖಾಲಿ ಇದ್ದರೆ ತಾನೇ ಹುಡುಕುವುದು?

ಪತ್ರಿಕೆಯವರ ಹಳೆಯ ಉಪಾಯವೊಂದಿದೆ: ತಪ್ಪಿನ ಮೇಲೆ ಚೀಟಿ ಅಂಟಿಸುವುದು. ಬಿಳಿ ಚೀಟಿಗಳನ್ನು ಕತ್ತರಿಸಿ ತಂದಿದ್ದೇನೆ. ಅಂಟೂ ಇದೆ. ಬಾಗಿಲ ಹತ್ತಿರದ ಮಿತ್ರರೇ, ನೀವು ಹೋಗುವ ಹಾಗಿಲ್ಲ, ಕೆಲಸವಿದೆ. ಅಧ್ಯಕ್ಷರು ಒಪ್ಪಿದರೆ ಈ ಕಾಗದ ಬಿಚ್ಚುತ್ತೇನೆ. ಒಪ್ಪದಿದ್ದರೆ ಹೀಗೇ ಕೆಳಗಿಟ್ಟು ಮನೆಗೆ ಹೋಗುತ್ತೇನೆ.

ಅಧ್ಯಕ್ಷರು ಮುಖ್ಯಸ್ಥರ ಕಡೆ ನೋಡುತ್ತಿದ್ದಾರೆ. ಮುಖ್ಯಸ್ಥರು ಕಣ್ಣು ಒರೆಸಿಕೊಂಡು ತಲೆ ಆಡಿಸಿದರು. ಅಧ್ಯಕ್ಷರೂ ಆಡಿಸಿದರು. ಯಾರು ಹೇಳಿದ್ದು ಎಂದು ನಾಳೆ ಯಾರಾದರೂ ಕೇಳಿದರೆ, ಈ ಸಭೆಯೇ ಆಧಾರ.

ಬಿಚ್ಚುತ್ತಿದ್ದೇನೆ. ಇಗೋ ಪುಸ್ತಕ. ಮೊದಲ ಚೀಟಿಯನ್ನು ನಾನೇ ಅಂಟಿಸುತ್ತೇನೆ. ಓರೆಯಾದರೆ ಕ್ಷಮಿಸಿ.

ಇನ್ನೊಂದು ಮಾತು. ಸಂಘಟಕರು ನನಗೊಂದು ಸಲಹೆ ಕೊಟ್ಟಿದ್ದರು: ಮೇಡಂ ಅವರ ಕೊನೆಯ ಮಾತಿನೊಂದಿಗೆ ಭಾಷಣ ಮುಗಿಸಿದರೆ ಚೆನ್ನಾಗಿರುತ್ತದೆ ಎಂದು. ನೆಂಟರೂ ಕೇಳುತ್ತಾರೆ, ಕೊನೆಗೆ ಏನೆಂದರು ಎಂದು. ಆಸ್ಪತ್ರೆಯಲ್ಲಿ ಆ ಬೆಳಿಗ್ಗೆ ನಾನೊಬ್ಬನೇ ಇದ್ದೆ. ಅವಳು ನನ್ನ ಕಡೆ ತಿರುಗಿ ಏನೋ ಹೇಳಿದಳು. ಅದೇ ಹೊತ್ತಿಗೆ ಬಾಗಿಲಾಚೆ ತಿಂಡಿಯ ತಳ್ಳುಗಾಡಿ ಗಡಗಡ ಎಂದು ಹೋಯಿತು. ನಾನು ಬಗ್ಗಿ, "ಏನಂದೆ?" ಎಂದು ಕೇಳಿದೆ. ಅವಳು ಮತ್ತೆ ಹೇಳಲಿಲ್ಲ.

ಅಲ್ಲಿ ಏನಿದ್ದರೆ ಚೆಂದ ಎಂದು ನನಗೆ ಗೊತ್ತು. ಭರ್ತಿ ಮಾಡುವುದು ನನ್ನ ಕಸುಬು. ಎಷ್ಟೋ ಸಲ ಮನಸ್ಸಿನಲ್ಲೇ ಬರೆದು ನೋಡಿದ್ದೇನೆ, ಒಂದಕ್ಕಿಂತ ಒಂದು ಒಳ್ಳೆಯ ವಾಕ್ಯ. ಪ್ರತಿ ಸಲವೂ ಪಕ್ಕದ ಮೇಜಿನಿಂದ ಅದೇ ಪ್ರಶ್ನೆ ಕೇಳಿಸುತ್ತದೆ.

ಹಾಗಾಗಿ ಅವಳ ಕೊನೆಯ ಮಾತು ನನಗೆ ಗೊತ್ತಿಲ್ಲ. ಆ ಜಾಗ ಖಾಲಿಯೇ ಇರಲಿ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ಧನ್ಯವಾದ. ಆ ಚಿತ್ರದ ಹೆಂಗಸು ಯಾರೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದರೆ ನಮ್ಮ ಮನೆಗೆ ಬನ್ನಿ, ಆಧಾರ ಹಿಡಿದುಕೊಂಡೇ ಬನ್ನಿ. ಅವಳ ಮೇಜು ಹಾಗೇ ಇದೆ. ನಮಸ್ಕಾರ.